ಮರುಭೂಮಿಗೆ ಆರ್‌ವಿ ಪ್ರವಾಸ: ಮೊದಲು ನೀರಿನ ಲೆಕ್ಕ, ಆಮೇಲೆ ನೋಡುವ ಜಾಗ

ಮಾರ್ಚ್ ಎರಡನೇ ವಾರ ಲಾಸ್ ಏಂಜಲೀಸ್ ಹತ್ತಿರ ಒಂದು ಆರ್‌ವಿ, ಅಂದರೆ ಒಳಗೇ ಮನೆ ಇರುವಂಥ ಗಾಡಿ, ಬಾಡಿಗೆಗೆ ತಗೊಂಡು ಕ್ಯಾಲಿಫೋರ್ನಿಯಾದ ಮರುಭೂಮಿಯ ಎರಡು ನ್ಯಾಷನಲ್ ಪಾರ್ಕು, ಜಾಶುವಾ ಟ್ರೀ ಮತ್ತು ಡೆತ್ ವ್ಯಾಲಿ, ನೋಡಿಬಂದೆವು. ನಾನು, ಹೆಂಡತಿ, ಎಂಟು ವರ್ಷದ ಮಗಳು, ಜೊತೆಗೆ ಪಾವಗಡದಿಂದ ಬಂದಿದ್ದ ಅಪ್ಪ, ಅಮ್ಮ. ಒಟ್ಟು ಏಳು ದಿನ. ಊರಿಂದ ದೊಡ್ಡವರು ಬಂದಾಗ ಆರ್‌ವಿ ನಿಜಕ್ಕೂ ಅನುಕೂಲ. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಜೊತೆಗೇ ಬರುತ್ತವೆ. ಆದರೆ ಮರುಭೂಮಿಯಲ್ಲಿ ಆ ಅನುಕೂಲ ಉಳಿಯುವುದು ನೀರು, ಬ್ಯಾಟರಿ, ಗಾಳಿ ಈ ಮೂರನ್ನು ಮೊದಲೇ ಯೋಚಿಸಿದರೆ ಮಾತ್ರ.

ಹೋಗುವ ಸಮಯಕ್ಕೆ ಮಾರ್ಚ್ ಒಳ್ಳೆಯದು. ಡೆತ್ ವ್ಯಾಲಿಯಲ್ಲಿ ಆಗ ಹಗಲಿಗೆ 28 ಡಿಗ್ರಿ ಆಸುಪಾಸು. ಏಪ್ರಿಲ್ ಕೊನೆಗೆ ಬಿಸಿಲು ಬೇರೆಯೇ ಆಗಿಬಿಡುತ್ತದೆ. ಹೂವು ನೋಡುವ ಆಸೆ ಇದ್ದರೆ ಚಳಿಗಾಲದ ಮಳೆ ಹೇಗಿತ್ತು ನೋಡಿಕೊಳ್ಳಿ. 1998, 2005, 2016ರಲ್ಲಿ ಡೆತ್ ವ್ಯಾಲಿ ಹಳದಿ ಹೂವಿನಿಂದ ತುಂಬಿತ್ತು. ಪ್ರತಿ ವರ್ಷ ಹಾಗೆ ಆಗುವುದಿಲ್ಲ. ಹೂವೊಂದನ್ನೇ ನಂಬಿಕೊಂಡು ಹೋಗಬೇಡಿ.

ರಾತ್ರಿ ಗಾಡಿ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಸಿಗುವುದೇ ಕಷ್ಟ. ಎರಡೂ ಪಾರ್ಕುಗಳಲ್ಲಿ ಆರು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತದೆ. ಮಾರ್ಚ್ ಮಧ್ಯಕ್ಕೆ ಹೋಗುವವರು ಸೆಪ್ಟೆಂಬರ್ ಮಧ್ಯದಲ್ಲೇ ಕೂತು ಬುಕ್ ಮಾಡಬೇಕು. ಸ್ಕೂಲಿನ ವಸಂತ ರಜೆಯ ವಾರ ಆದಷ್ಟು ತಪ್ಪಿಸಿ. ನಾವು ಭಾನುವಾರ ಸಂಜೆ ತಲುಪುವ ಹಾಗೆ ಇಟ್ಟುಕೊಂಡೆವು. ವಾರಾಂತ್ಯದ ಜನ ಅಷ್ಟರಲ್ಲಿ ವಾಪಸ್ ಹೊರಟಿದ್ದರು.

ಗಾಡಿಯ ಉದ್ದದ ವಿಷಯ ದಯವಿಟ್ಟು ಗಮನಿಸಿ. 25 ಅಡಿ ದಾಟಬೇಡಿ. ಡೆತ್ ವ್ಯಾಲಿಯ ಆರ್ಟಿಸ್ಟ್ಸ್ ಡ್ರೈವ್ ರಸ್ತೆಗೆ ಮತ್ತು ಡಾಂಟೆಸ್ ವ್ಯೂ ಬೆಟ್ಟಕ್ಕೆ ಅದಕ್ಕಿಂತ ಉದ್ದದ ಗಾಡಿ ಬಿಡುವುದಿಲ್ಲ. ಜಾಶುವಾ ಟ್ರೀಯ ಹಿಡನ್ ವ್ಯಾಲಿ, ವೈಟ್ ಟ್ಯಾಂಕ್ ಕ್ಯಾಂಪ್‌ಗ್ರೌಂಡುಗಳಲ್ಲೂ ಅದೇ ಮಿತಿ. ಬಾಡಿಗೆ ಕೊಡುವವರು ಹೇಳುವ ಅಳತೆಯನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. ಹಿಂದಿನ ಏಣಿಯೂ ಸೇರಿ ಎಷ್ಟು ಅಂತ ಕೇಳಿ. ನಮ್ಮದು 24 ಅಡಿ. ಐದು ಜನಕ್ಕೆ ಸ್ವಲ್ಪ ಇಕ್ಕಟ್ಟೇ. ಆದರೂ ಹೋದ ಕಡೆ ಎಲ್ಲೂ ವಾಪಸ್ ತಿರುಗಬೇಕಾಗಲಿಲ್ಲ.

ಈಗ ನೀರಿನ ವಿಷಯ. ಜಾಶುವಾ ಟ್ರೀಯಲ್ಲಿ ನಾವು ಮೂರು ರಾತ್ರಿ ಇದ್ದದ್ದು ಜಂಬೋ ರಾಕ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ. ದೊಡ್ಡ ದೊಡ್ಡ ಬಂಡೆಗಳ ನಡುವೆ ಗಾಡಿ ನಿಲ್ಲಿಸುವ ಸುಂದರ ಜಾಗ. ಅಲ್ಲಿ ಒಂದು ಹನಿ ನೀರೂ ಸಿಗುವುದಿಲ್ಲ. ಕರೆಂಟೂ ಇಲ್ಲ. ಆರ್‌ವಿಗೆ ನೀರು ತುಂಬಿಸಲು, ಕೊಳೆ ನೀರು ಖಾಲಿ ಮಾಡಲು ಅದೇ ಪಾರ್ಕಿನ ಬ್ಲ್ಯಾಕ್ ರಾಕ್ ಅಥವಾ ಕಾಟನ್‌ವುಡ್ ಕ್ಯಾಂಪ್‌ಗ್ರೌಂಡಿಗೆ ಹೋಗಬೇಕು. ನಮ್ಮ ಟ್ಯಾಂಕು ಸುಮಾರು 40 ಗ್ಯಾಲನ್, ಅಂದರೆ 150 ಲೀಟರ್. ಕುಡಿಯಲು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಅಂತ 15 ಗ್ಯಾಲನ್ ಬೇರೆ ಕ್ಯಾನುಗಳಲ್ಲಿ ಇಟ್ಟುಕೊಂಡಿದ್ದೆವು. ಅದನ್ನು ಪಾತ್ರೆ ತೊಳೆಯಲು ಮುಟ್ಟಲೇ ಇಲ್ಲ.

ಟ್ಯಾಂಕಿನ ನೀರು ಮೂರು ದಿನ ಬಂದದ್ದು ಅಮ್ಮನಿಂದ. ಕೊಡದ ಲೆಕ್ಕದಲ್ಲಿ ನೀರು ಬಳಸಿ ಸಂಸಾರ ಮಾಡಿದವರು ಅವರು. ಮೊದಲ ದಿನವೇ ನನ್ನ ಹೆಂಡತಿಗೆ, 'ಕೊಳಾಯಿ ಬಿಟ್ಟುಕೊಂಡು ತೊಳೀಬೇಡಮ್ಮ, ಒಂದು ಚೊಂಬು ಸಾಕು' ಅಂದರು. ಎಣ್ಣೆ ತಟ್ಟೆಯನ್ನು ಮೊದಲು ಪೇಪರಿನಿಂದ ಒರೆಸುವುದು, ಆಮೇಲೆ ಒಂದೇ ಬೋಗುಣಿಯಲ್ಲಿ ತೊಳೆಯುವುದು. ಸ್ನಾನ ದಿನ ಬಿಟ್ಟು ದಿನ. ಅಡುಗೆಯೂ ಹಾಗೇ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಮನೆಯಿಂದಲೇ ತಂದಿದ್ದೆವು. ಅನ್ನಕ್ಕೆ ಚಿಕ್ಕ ಕುಕ್ಕರ್ ಒಂದಿದ್ದರೆ ಸಾಕು. ಇನ್ನೊಂದು ಮಾತು, ಕೊಳೆ ನೀರಿನ ಟ್ಯಾಂಕು ಒಳ್ಳೆ ನೀರು ಮುಗಿಯುವ ಮುಂಚೆಯೇ ತುಂಬಬಹುದು. ಅದನ್ನು ನೆಲಕ್ಕೆ ಬಿಡುವ ಹಾಗಿಲ್ಲ. ದಿನಾ ಮೀಟರ್ ನೋಡುತ್ತಿರಿ.

ಬ್ಯಾಟರಿಯಲ್ಲಿ ನಾವು ಎಡವಿದೆವು. ಜಂಬೋ ರಾಕ್ಸ್ 4,400 ಅಡಿ ಎತ್ತರದಲ್ಲಿದೆ. ಹಗಲು ಹಿತವಾಗಿದ್ದರೂ ರಾತ್ರಿ ಚಳಿ ಜೋರು. ಹೀಟರ್ ಓಡುವುದು ಪ್ರೊಪೇನ್ ಗ್ಯಾಸಿನಿಂದ, ಹಾಗಾಗಿ ಬ್ಯಾಟರಿಯ ಚಿಂತೆ ಇಲ್ಲ ಅಂದುಕೊಂಡಿದ್ದೆ. ಆದರೆ ಬಿಸಿ ಗಾಳಿ ತಳ್ಳುವ ಫ್ಯಾನಿಗೆ ಬ್ಯಾಟರಿಯೇ ಬೇಕು. ಸಂಜೆಯೆಲ್ಲ ದೀಪ ಹಾಕಿಕೊಂಡು, ಫೋನು ಚಾರ್ಜ್ ಮಾಡಿಕೊಂಡು ಕೂತಿದ್ದೆವು. ರಾತ್ರಿ ಮೂರಕ್ಕೆ ಫ್ಯಾನ್ ನಿಂತಿತು. ಜನರೇಟರ್ ಹಾಕೋಣ ಅಂದರೆ ಅಲ್ಲಿ ಅದಕ್ಕೆ ಬಿಡುವುದು ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಮಾತ್ರ. ನಾಲ್ಕು ಗಂಟೆ ಅಪ್ಪ ಶಾಲು, ಸ್ವೆಟರ್ ಎಲ್ಲ ಹೊದ್ದು ಕೂತಿದ್ದರು. ನನಗೆ ತುಂಬ ಬೇಜಾರಾಯಿತು. ಮರುದಿನದಿಂದ ಸಂಜೆ ಎರಡು ಗಂಟೆ ಪೂರ್ತಿ ಜನರೇಟರ್ ಓಡಿಸಿದೆವು. ಹೀಟರನ್ನು ಕಡಿಮೆಯಲ್ಲಿಟ್ಟು ಹೆಚ್ಚಿಗೆ ರಗ್ಗು ಹೊದ್ದೆವು. ಮತ್ತೆ ತೊಂದರೆ ಆಗಲಿಲ್ಲ. ವಯಸ್ಸಾದವರು ಜೊತೆಗಿದ್ದರೆ ಆಳಿಗೊಂದು ದಪ್ಪ ರಗ್ಗು ಇರಲೇಬೇಕು.

ಜಾಶುವಾ ಟ್ರೀಯಲ್ಲೇ ಇರುವ ಚೋಲಾ ಕ್ಯಾಕ್ಟಸ್ ತೋಟಕ್ಕೆ ಹೋಗುವವರು ಜೇಬಿನಲ್ಲಿ ಒಂದು ಬಾಚಣಿಗೆ ಇಟ್ಟುಕೊಳ್ಳಿ. ಆ ಕಳ್ಳಿಯ ಮುಳ್ಳಿನ ಉಂಡೆ ತಾಗಿದರೆ ಸಾಕು, ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋಗಬೇಡಿ, ಬಾಚಣಿಗೆಯಿಂದ ಎಬ್ಬಿಸಿ.

ಅಲ್ಲಿಂದ ಡೆತ್ ವ್ಯಾಲಿಗೆ ಟ್ವೆಂಟಿನೈನ್ ಪಾಮ್ಸ್, ಆಂಬಾಯ್, ಬೇಕರ್ ದಾರಿ ಹಿಡಿದೆವು. ಆರ್‌ವಿಗೆ ಇಡೀ ದಿನ ಇಟ್ಟುಕೊಳ್ಳಿ. ಟ್ವೆಂಟಿನೈನ್ ಪಾಮ್ಸ್‌ನಲ್ಲಿ ಒಮ್ಮೆ, ಬೇಕರ್‌ನಲ್ಲಿ ಒಮ್ಮೆ ಪೆಟ್ರೋಲ್ ಟ್ಯಾಂಕ್ ಭರ್ತಿ ಮಾಡಿಸಿ. ಪಾರ್ಕಿನ ಒಳಗೆ ಪೆಟ್ರೋಲ್ ಬೆಲೆ ಜಾಸ್ತಿ. ನಮ್ಮ ಗಾಡಿ ಗ್ಯಾಲನ್ನಿಗೆ ಒಂಬತ್ತು ಮೈಲಿ ಕೊಟ್ಟಿತು, ಅಷ್ಟೆ. ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇಲ್ಲ, ಮ್ಯಾಪ್ ಇಳಿಸಿಕೊಂಡಿರಿ. ಹೊರಡುವ ಬೆಳಗ್ಗೆ ಯಾವ ರಸ್ತೆ ಮುಚ್ಚಿದೆ ನೋಡಿ. ಮರುಭೂಮಿಯ ಮಳೆ ರಸ್ತೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ. 2023ರ ಆಗಸ್ಟಿನ ಹಿಲರಿ ಬಿರುಗಾಳಿ ಮಳೆಯಿಂದ ಡೆತ್ ವ್ಯಾಲಿ ಸುಮಾರು ಎರಡು ತಿಂಗಳು ಮುಚ್ಚಿತ್ತು. ಪಶ್ಚಿಮದ ಕಡೆಯಿಂದ ಬರುವವರಿಗೆ ಟೌನ್ ಪಾಸ್ ಎಂಬ ಸುಮಾರು 5,000 ಅಡಿಯ ಘಾಟಿ ಸಿಗುತ್ತದೆ. ಭಾರದ ಗಾಡಿ, ಮೊದಲ ಸಲ ಓಡಿಸುವವರು ಅಂದರೆ ಬೇಕರ್ ದಾರಿಯೇ ವಾಸಿ.

ಡೆತ್ ವ್ಯಾಲಿಯಲ್ಲಿ ಫರ್ನೆಸ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿದ್ದೆವು. ಕರೆಂಟು, ನೀರು, ಡ್ರೈನ್ ಎಲ್ಲ ಇರುವ ಜಾಗಗಳು ಅಲ್ಲಿ 18 ಮಾತ್ರ. ನಮಗೆ ಸಿಗಲಿಲ್ಲ. 17 ಮೈಲಿ ದೂರದಲ್ಲಿ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು. ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ, ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ನೆಲ. ಹಿಂದಿನ ಬೆಟ್ಟದ ಮೇಲೆ, ಕತ್ತೆತ್ತಿ ನೋಡುವಷ್ಟು ಎತ್ತರದಲ್ಲಿ 'ಸಮುದ್ರ ಮಟ್ಟ ಇಲ್ಲಿ' ಅಂತ ಫಲಕ ಹಾಕಿದ್ದಾರೆ. ಅಪ್ಪ ಬಗ್ಗಿ ಉಪ್ಪು ಮುಟ್ಟಿ ನೋಡಿದರು. 'ನಮ್ಮ ಕಡೆ ಚೌಳು ನೆಲ ಬೇಸಿಗೇಲಿ ಹೀಗೇ ಬೆಳ್ಳಗಾಗುತ್ತೆ ಕಣೋ' ಅಂದರು. ಆಮೇಲೆ ಒಬ್ಬರೇ ತುಂಬ ದೂರ ನಡೆದುಹೋದರು. ಬೆಳಗ್ಗೆ ಎಂಟರೊಳಗೆ ಹೋದರೆ ವಯಸ್ಸಾದವರೂ ಹೀಗೆ ಆರಾಮಾಗಿ ನಡೆಯಬಹುದು.

ವಸಂತದಲ್ಲಿ ಗಾಳಿ ಹೇಳದೆ ಕೇಳದೆ ಬರುತ್ತದೆ. ನೆರಳಿಗೆ ಗಾಡಿಯ ಪಕ್ಕಕ್ಕೆ ಬಿಚ್ಚಿದ ಪರದೆಯನ್ನು ಹಾಗೇ ತೆರೆದಿಟ್ಟು ಎಲ್ಲಿಗೂ ಹೋಗಬೇಡಿ, ಮಲಗುವ ಮುಂಚೆ ಸುತ್ತಿಡಿ. ಒಂದು ಮಧ್ಯಾಹ್ನ ನಾನು ಹತ್ತು ನಿಮಿಷ ಬಿಟ್ಟು ಹೋಗಿದ್ದಕ್ಕೆ ಅದರ ಒಂದು ತೋಳು ಬಾಗಿತು. ರಿಪೇರಿ ದುಡ್ಡು ಕೊಡಬೇಕಾಯಿತು. ಹೆದ್ದಾರಿಯಲ್ಲೂ ಅಡ್ಡಗಾಳಿ ಗಾಡಿಯನ್ನು ತಳ್ಳುತ್ತದೆ. 55 ಮೈಲಿ ವೇಗ ದಾಟಲಿಲ್ಲ ನಾನು.

ಗಾಡಿ ವಾಪಸ್ ಕೊಡುವ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ಕೊಳೆ ಟ್ಯಾಂಕುಗಳನ್ನು ಫರ್ನೆಸ್ ಕ್ರೀಕ್‌ನಲ್ಲೇ ಖಾಲಿ ಮಾಡಿ ಹೊರಡಿ. ನಾವು ಏಳಕ್ಕೆ ಹೋದಾಗ ಮುಂದೆ ಇದ್ದದ್ದು ಎರಡೇ ಗಾಡಿ. ಎಂಟಕ್ಕೆ ಹೊರಡುವಾಗ ಹಿಂದೆ ಒಂಬತ್ತು ನಿಂತಿದ್ದವು.