ಬಾಲ ಅಲ್ಲಾಡಿಸಿದ ಬೋಟು: ಟ್ರೇಲರ್ ಭಾರ ಸರಿಮಾಡಿದ ನಾಲ್ಕು ವಾರ

ಮೇ 11, ಭಾನುವಾರ

ಮನೆ ಮುಟ್ಟಿ ಎರಡು ಗಂಟೆ ಆಯ್ತು. ಕಾಫಿ ಲೋಟ ಹಿಡಿದರೆ ಕೈ ಇನ್ನೂ ಸಣ್ಣಗೆ ನಡುಗುತ್ತಿದೆ. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ಅಮೆರಿಕದ ಮಿನೆಸೋಟದಲ್ಲಿ ವಾಲೈ ಮೀನಿನ ಸೀಸನ್ ಶುರುವಾಗುವ ಶನಿವಾರ ಅಂದರೆ ನಮ್ಮೂರ ಜಾತ್ರೆ ಇದ್ದ ಹಾಗೆ. ಚಳಿಗಾಲದಲ್ಲಿ ಕೊಂಡ ಹಳೇ ಬೋಟು ಎಳೆದುಕೊಂಡು ನಾವೂ ಮಿಲ್ ಲ್ಯಾಕ್ಸ್ ಕೆರೆಗೆ ಹೋಗಿದ್ದೆವು. ಕೆರೆ ಅನ್ನೋದು ಮಾತಿಗೆ ಅಷ್ಟೇ. 1,32,000 ಎಕರೆ ನೀರು, ಆಚೆ ದಡ ಕಾಣಲ್ಲ. ಬೋಟು ಅಲ್ಯೂಮಿನಿಯಮ್‌ದು, 16 ಅಡಿ. ಹಿಂದೆ 40 ಕುದುರೆ ಶಕ್ತಿಯ ಫೋರ್ ಸ್ಟ್ರೋಕ್ ಮೋಟರ್. ಟ್ರೇಲರ್‌ಗೆ ಒಂದೇ ಆಕ್ಸಲ್, ಬ್ರೇಕ್ ಇಲ್ಲ. ಈ ರಾಜ್ಯದಲ್ಲಿ 3,000 ಪೌಂಡಿಗಿಂತ ಹಗುರವಾದ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು ಅಂತಿಲ್ಲ.

ಹೋಗುವಾಗ ಏನೂ ತೊಂದರೆ ಇರಲಿಲ್ಲ. ಬರುವಾಗ 169ನೇ ಹೆದ್ದಾರಿಯಲ್ಲಿ ಮಿಲಾಕಾ ದಾಟಿದ ಮೇಲೆ ಒಂದು ಸಣ್ಣ ಇಳಿಜಾರು. ಗಂಟೆಗೆ 60 ಮೈಲಿಯಲ್ಲಿದ್ದೆ. ದೊಡ್ಡ ಟ್ರಕ್ ಒಂದು ಪಕ್ಕದಿಂದ ಹಾದು ಹೋಯಿತು. ಅದರ ಗಾಳಿಗೆ ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಎಳೆದ ಹಾಗಾಯಿತು. ಬೋಟಿನ ಮೋಟರ್ ಎಡಗನ್ನಡಿಯಲ್ಲಿ ಕಂಡಿತು. ಆಮೇಲೆ ಬಲಗನ್ನಡಿಯಲ್ಲಿ. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜಾಸ್ತಿ. ಹಿಂದಿನ ಸೀಟಲ್ಲಿ ಮಗಳು ನಗುತ್ತಿದ್ದಳು, ಆಟ ಅಂದುಕೊಂಡಿರಬೇಕು.

ಬ್ರೇಕ್ ಮೇಲೆ ಕಾಲು ಹೋಗಿಯೇ ಬಿಟ್ಟಿತ್ತು. ಒತ್ತಲಿಲ್ಲ, ಪುಣ್ಯ. ಬ್ರೇಕ್ ಇಲ್ಲದ ಟ್ರೇಲರ್ ಓಲಾಡುವಾಗ ಕಾರು ಮಾತ್ರ ನಿಧಾನವಾದರೆ, ಹಿಂದಿನ ಭಾರವೆಲ್ಲ ಬಂದು ಕಾರನ್ನೇ ತಳ್ಳುತ್ತದೆ. ಅಡ್ಡ ಮಡಚಿಕೊಳ್ಳೋದು ಹಾಗೇ. ಸ್ಟೀರಿಂಗನ್ನು ಆಕಡೆ ಈಕಡೆ ತಿರುಗಿಸಿ ಸರಿಮಾಡಲು ಹೋಗುವುದೂ ತಪ್ಪು. ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೆಟ್ಟಗೆ ಹಿಡಿದುಕೊಂಡೆ. 45ಕ್ಕೆ ಇಳಿಯುವ ಹೊತ್ತಿಗೆ ತಾನಾಗಿ ನಿಂತಿತು. ಉಳಿದ ದಾರಿಯೆಲ್ಲ 50ರಲ್ಲೇ ಬಂದೆ. ಹಿಂದಿನವರೆಲ್ಲ ಬೈದುಕೊಂಡೇ ದಾಟಿ ಹೋದರು. ಬೈಯಲಿ.

ಹೋಗುವಾಗ ಸರಿ ಇದ್ದದ್ದು ಬರುವಾಗ ಯಾಕೆ ಹೀಗೆ? ಉತ್ತರ ಹೊಳೆಯಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಹೋಗುವಾಗ ಐಸ್ ಪೆಟ್ಟಿಗೆ ಕಾರಿನಲ್ಲಿತ್ತು. ಬರುವಾಗ ಮೀನು ವಾಸನೆ ಅಂತ ಹೆಂಡತಿ ಬೇಡ ಅಂದಳು. ಅದನ್ನು, ಲಂಗರನ್ನು, ಒದ್ದೆ ಹಗ್ಗಗಳನ್ನು ಎಲ್ಲ ಬೋಟಿನ ಹಿಂದುಗಡೆ, ಮೋಟರ್ ಪಕ್ಕದಲ್ಲೇ ತುರುಕಿದ್ದೆ. ಎಲ್ಲ ಸೇರಿ 90 ಪೌಂಡ್ ಆದರೂ ಇತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಸುಮ್ನೆ ಹೇಳಿದೆ. ಅಪ್ಪ ಮಂಡ್ಯ ಕಡೆಯವರು. ಟ್ರ್ಯಾಕ್ಟರ್ ಬರುವವರೆಗೂ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು. ಬೋಟು, ಅದನ್ನು ಕಾರಿಗೆ ಸಿಕ್ಕಿಸುವ ಹಿಚ್ಚು ಅಂತ ನಾನು ವಿವರಿಸುತ್ತಿದ್ದರೆ ಮಧ್ಯದಲ್ಲೇ ತಡೆದು ಮೂಕಿ, ಅಂದರೆ ಗಾಡಿಯ ಮುಂದೆ ನೊಗ ಕಟ್ಟುವ ಮರದ ಬಗ್ಗೆ ಕೇಳಿದರು.

"ಮೂಕಿ ಕೈಯಲ್ಲಿ ಎತ್ತಿದ್ರೆ ಏಳ್ತದಾ?"

"ಏಳುತ್ತಪ್ಪಾ, ಒಂದೇ ಕೈಲಿ ಎತ್ತಬಹುದು."

"ಹಿಂದ್ಕೆ ಹೇರ್‌ಬಿಟ್ಟಿದ್ದೀಯ ಕಣ್ಲಾ. ಎತ್ತಾಗಿದ್ರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿದು ಅಲ್ಲೇ ನಿಂತ್ಕಳದು. ಕಾರಾದ್ದರಿಂದ ಬಾಯಿ ಇಲ್ಲ."

ಮೇ 17, ಶನಿವಾರ

ಇಲ್ಲಿ ಇದಕ್ಕೆ ಟಂಗ್ ವೇಟ್ ಅಂತಾರೆ. ನಾಲಿಗೆ ಭಾರ ಅಂದರೆ ನಗು ಬರುತ್ತೆ. ಮೂಕಿ ಭಾರ ಅಂತಲೇ ಬರೆಯುತ್ತೇನೆ. ಟ್ರೇಲರ್‌ನ ಮೂತಿ ಕಾರಿನ ಹಿಂದೆ ಹಿಚ್ಚಿಗಿರುವ ಬಾಲ್ (ಉಕ್ಕಿನ ಗುಂಡು) ಮೇಲೆ ಎಷ್ಟು ಕೆಳಕ್ಕೆ ಒತ್ತುತ್ತದೆ ಅನ್ನುವ ಲೆಕ್ಕ ಅದು. ಅಮೆರಿಕದಲ್ಲಿ ಸಾಮಾನ್ಯವಾಗಿ ಹೇಳುವುದು ಒಟ್ಟು ತೂಕದ 10ರಿಂದ 15 ಪರ್ಸೆಂಟ್. ಬೋಟ್ ಟ್ರೇಲರ್‌ಗಾದರೆ 5ರಿಂದ 10 ಸಾಕು ಅನ್ನುವವರೂ ಇದ್ದಾರೆ. ಕಮ್ಮಿಯಾದರೆ ಬಾಲ ಅಲ್ಲಾಡುತ್ತದೆ. ಜಾಸ್ತಿಯಾದರೆ ಕಾರಿನ ಹಿಂಭಾಗ ಕೂತು, ಮುಂದಿನ ಚಕ್ರಗಳ ಹಿಡಿತ ಹೋಗುತ್ತದೆ. ರಾತ್ರಿ ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ನಾನು 10ರ ಆಸುಪಾಸು ಗುರಿ ಇಟ್ಟುಕೊಂಡೆ.

ತೂಗಲು ದೊಡ್ಡ ಸಾಮಾನೇನೂ ಬೇಡ. ಬಾತ್‌ರೂಮಿನ ವೇಯಿಂಗ್ ಮಿಷನ್ ಸಾಕು. ಆದರೆ ಅದನ್ನು ಕೇಳುವಾಗ ಹೆಂಡತಿಯ ಮುಖ ನೋಡಬೇಕಿತ್ತು.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೆ. ಮಿಷನ್ ಮೇಲೆ ಹಲಗೆ ಇಟ್ಟು, ಅದರ ಮೇಲೆ ಮರದ ತುಂಡುಗಳನ್ನು ಪೇರಿಸಿ, ಜಾಕ್ ಇಳಿಸಿ ಕಪ್ಲರ್, ಅಂದರೆ ಬಾಲ್ ಮೇಲೆ ಕೂರುವ ಮೂತಿಯ ತುದಿ, ಅದರ ಮೇಲೆ ಕೂರುವ ಹಾಗೆ ಮಾಡಿದೆ. ಜಾಕ್ ಚಕ್ರ ನೆಲ ಬಿಟ್ಟಿರಬೇಕು. ಕಪ್ಲರ್ ಇರುವ ಎತ್ತರ ಕಾರಿಗೆ ಸಿಕ್ಕಿಸಿದಾಗ ಎಷ್ಟಿರುತ್ತದೋ ಅಷ್ಟೇ ಇರಬೇಕು. ಇದನ್ನು ಮೊದಲ ಸಲ ಮರೆತು, ಮೂತಿ ಕೆಳಗಿಟ್ಟು ತೂಗಿದೆ. ಲೆಕ್ಕ ತಪ್ಪಿತು. ಎರಡನೇ ಸಲ ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಸಾಮಾನೆಲ್ಲ ಅವುಗಳ ಮಾಮೂಲಿ ಜಾಗದಲ್ಲಿಟ್ಟು ತೂಗಿದೆ. ಹಲಗೆ ಮರದ ತೂಕ ಕಳೆದರೆ ಬಂದಿದ್ದು 45 ಪೌಂಡ್. ಸುಮಾರು 20 ಕಿಲೋ, ಅಂದರೆ ಒಂದು ಗೊಬ್ಬರದ ಮೂಟೆಯ ಅರ್ಧವೂ ಇಲ್ಲ.

ಆಮೇಲೆ ಟ್ರಕ್ ಸ್ಟಾಪಿನ ವೇ ಬ್ರಿಡ್ಜ್‌ಗೆ ಹೋದೆ. ಆಕ್ಸಲ್ ಮೇಲೆ 1,460 ಪೌಂಡ್ ತೋರಿಸಿತು. ಮೂಕಿ ಭಾರ ಸೇರಿಸಿದರೆ 1,505, ಸುಮಾರು 680 ಕಿಲೋ. ಆ ಯಂತ್ರ 20 ಪೌಂಡ್ ಹೆಜ್ಜೆಯಲ್ಲಿ ಓದುತ್ತದೆ. ಒಟ್ಟು ತೂಕಕ್ಕೆ ಅದು ಸಾಕು, ಮೂಕಿ ಭಾರಕ್ಕೆ ಮನೆಯ ಮಿಷನ್ನೇ ಸರಿ. 1,505ರಲ್ಲಿ 45 ಅಂದರೆ ಬರೀ 3 ಪರ್ಸೆಂಟ್. ಇನ್ನು ಆವತ್ತು ಹಿಂದೆ ಹಾಕಿದ್ದ 90 ಪೌಂಡ್ ಸೇರಿಸಿದರೆ? ಆಕ್ಸಲ್‌ನಿಂದ ಮೂರಡಿ ಹಿಂದಿತ್ತು ಆ ಸಾಮಾನು. ಸೀಸಾ ಆಟದ ಲೆಕ್ಕ. ಮೂಕಿಯಿಂದ ಇನ್ನೂ 20 ಪೌಂಡ್ ಎತ್ತಿಬಿಟ್ಟಿರುತ್ತದೆ. 25 ಪೌಂಡ್ ಭಾರದ ಮೂಕಿ ಇಟ್ಟುಕೊಂಡು ಮಗಳನ್ನು ಕೂರಿಸಿಕೊಂಡು 60ರಲ್ಲಿ ಬಂದಿದ್ದೇನೆ. ಇದನ್ನು ಬರೆಯಲೂ ನಾಚಿಕೆ.

ಮೇ 18, ಭಾನುವಾರ

ಬಗ್ಗಿ ನೋಡಿದ ಮೇಲೆ ಗೊತ್ತಾಯಿತು, ತಪ್ಪು ಐಸ್ ಪೆಟ್ಟಿಗೆಯದ್ದು ಮಾತ್ರ ಅಲ್ಲ. ಬೋಟಿನ ತಳಕ್ಕೆ ಆಸರೆಯಾಗಿ ಕಾರ್ಪೆಟ್ ಸುತ್ತಿದ ಎರಡು ಉದ್ದದ ಮರಗಳಿವೆ, ಬಂಕ್ ಅಂತಾರೆ. ಬೋಟಿನ ಹಿಂಗೋಡೆ ಬಂಕಿನ ತುದಿಗೆ ಸರಿಯಾಗಿ ಕೂರಬೇಕು. ನಮ್ಮದು ನಾಲ್ಕು ಇಂಚು ಆಚೆ ನೇತಾಡುತ್ತಿದೆ. ಹಳೇ ಮಾಲೀಕರು ಮುಂದಿನ ವಿಂಚ್ (ಬೋಟನ್ನು ಟ್ರೇಲರ್ ಮೇಲೆ ಎಳೆಯುವ ರಾಟೆ) ಕಂಬವನ್ನು ಹಿಂದಕ್ಕೆ ಸರಿಸಿದ್ದಾರೆ. ಗುರುತು ಹಾಗೇ ಇದೆ, ಕಂಬ ಮೊದಲು ಇದ್ದ ಜಾಗದಲ್ಲಿ ಬಣ್ಣ ಹೊಸದರ ಹಾಗೆ ಹೊಳೆಯುತ್ತಿದೆ. ಯಾಕೆ ಸರಿಸಿದರೋ.  ಮೋಟರ್‌ನಂಥ ಭಾರ ಆಸರೆಯಿಲ್ಲದೆ ನೇತಾಡಿದರೆ ತಳದ ತಗಡೇ ಬಾಗುತ್ತದೆ, ಆಮೇಲೆ ಬೋಟು ನೀರಿನಲ್ಲೂ ಸರಿಯಾಗಿ ಓಡಲ್ಲ.

ಲೆಕ್ಕ ಇಷ್ಟೇ. ಎಷ್ಟು ಭಾರ ಸರಿಸಿದೆ, ಎಷ್ಟು ಇಂಚು ಸರಿಸಿದೆ, ಇವೆರಡನ್ನೂ ಗುಣಿಸಿ, ಬಾಲ್‌ನಿಂದ ಆಕ್ಸಲ್‌ವರೆಗಿನ ದೂರದಿಂದ ಭಾಗಿಸಬೇಕು. ನಮ್ಮದರಲ್ಲಿ ಆ ದೂರ 156 ಇಂಚು. ಟ್ರೇಲರ್ ಬಿಟ್ಟು ಬೋಟಿನದೇ ಭಾರ ಸುಮಾರು 1,100 ಪೌಂಡ್. ನಾಲ್ಕು ಇಂಚು ಮುಂದೆ ತಂದರೆ 28 ಪೌಂಡ್ ಸಿಗಬೇಕು.

ಕಂಬದ ಬೋಲ್ಟ್ ಬಿಚ್ಚಿ ಹಳೇ ಜಾಗಕ್ಕೆ ತಂದೆ. ಬೋಟನ್ನು ಒಣ ಬಂಕಿನ ಮೇಲೆ ಎಳೆಯುವುದು ಆಗದ ಮಾತು. ಹತ್ತಿರದ ಕೆರೆಗೆ ಹೋಗಿ ನೀರಿಗೆ ಬಿಟ್ಟು, ತೇಲಿಸಿ, ಹೊಸ ಜಾಗಕ್ಕೆ ವಿಂಚಿನಿಂದ ಎಳೆದೆ. ಮನೆಗೆ ಬಂದು ತೂಗಿದರೆ 72. ಲೆಕ್ಕಕ್ಕಿಂತ ಒಂದೇ ಪೌಂಡ್ ಕಮ್ಮಿ! ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿನಲ್ಲೂ ನನಗೆ ಇಷ್ಟು ಹತ್ತಿರದ ಉತ್ತರ ಬಂದಿರಲಿಲ್ಲ.

ಮೇ 24, ಶನಿವಾರ

ಎರಡು ಬ್ಯಾಟರಿಗಳೂ ಹಿಂದೆ ಇದ್ದವು. ಅದರಲ್ಲಿ ಒಂದು ಬೋಟಿನ ಮೂತಿಯಲ್ಲಿರುವ ಸಣ್ಣ ಎಲೆಕ್ಟ್ರಿಕ್ ಮೋಟರ್‌ಗೆ. ಮೂತಿಯ ಮೋಟರ್‌ಗೆ ಬ್ಯಾಟರಿ ಹಿಂದೆ ಯಾಕೆ? ಉದ್ದಕ್ಕೂ ವೈರ್ ಬೇರೆ. ಅದನ್ನು ಮುಂದಿನ ಖಾನೆಗೆ ತಂದು ಪೆಟ್ಟಿಗೆಯೊಳಗೆ ಬೆಲ್ಟ್ ಹಾಕಿ ಬಿಗಿದೆ. 50 ಪೌಂಡ್, ಎಂಟೂವರೆ ಅಡಿ ಮುಂದೆ. ಮಿಷನ್ 106 ತೋರಿಸಿತು. 7 ಪರ್ಸೆಂಟ್.

ಇಲ್ಲಿಗೇ ನಿಲ್ಲಿಸಬಹುದಿತ್ತು. ಪಕ್ಕದ ಮನೆಯ ಅಜ್ಜ, ಮೂವತ್ತು ವರ್ಷ ಬೋಟು ಎಳೆದವರು, ಇಷ್ಟು ಸಾಕು ಬಿಡು ಅಂದರು. ಆದರೆ ನಮ್ಮ ಮನೆಯಲ್ಲಿ ಐಸ್ ಪೆಟ್ಟಿಗೆ ಯಾವತ್ತಾದರೂ ಮತ್ತೆ ಹಿಂದಕ್ಕೆ ಹೋಗಿಯೇ ಹೋಗುತ್ತದೆ. ಮಳೆ ನೀರು ಕೂಡ ಹಿಂದಕ್ಕೇ ಇಳಿಯುತ್ತದೆ. ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ಜಾಸ್ತಿ. ಕೆರೆಯಿಂದ ಹೊರಡುವ ಮೊದಲು ಪ್ಲಗ್ ತೆಗೆದು ನೀರು ಬಸಿಯಬೇಕು ಅನ್ನುವ ಕಾನೂನು ಇಲ್ಲಿದೆ, ಕೆರೆಯಿಂದ ಕೆರೆಗೆ ಬೇಡದ ಜೀವಿಗಳು ಹೋಗದಿರಲಿ ಅಂತ. ನನ್ನ ಮಟ್ಟಿಗೆ ಅದು ಮೂಕಿ ಭಾರದ ಕಾನೂನೂ ಹೌದು. ಸ್ವಲ್ಪ ಕೈಯಲ್ಲಿ ಇರಲಿ ಅಂತ ಆಕ್ಸಲನ್ನೂ ಸರಿಸಲು ನಿರ್ಧರಿಸಿದೆ.

ಮೇ 31, ಶನಿವಾರ

ಇಡೀ ದಿನ ಹೋಯಿತು.

ಆಕ್ಸಲ್ ಮತ್ತು ಸ್ಪ್ರಿಂಗ್ ಪಟ್ಟಿ ಇರುವ ಚೌಕಟ್ಟು ನಾಲ್ಕು ಯು-ಬೋಲ್ಟ್‌ಗಳಿಂದ ಟ್ರೇಲರ್‌ಗೆ ಕಚ್ಚಿಕೊಂಡಿದೆ. ಅವುಗಳನ್ನು ಸಡಿಲ ಮಾಡಿದರೆ ಇಡೀ ಸೆಟ್ಟು ಹಿಂದೆ ಮುಂದೆ ಜರುಗುತ್ತದೆ. ಹೇಳಲು ಸುಲಭ. ನಿನ್ನೆ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಆದರೂ ಮೂರನೇ ನಟ್ ತಿರುಗುವ ಬದಲು ಬೋಲ್ಟನ್ನೇ ಮುರಿದುಕೊಂಡು ಕೈಗೆ ಬಂತು. ಅಂಗಡಿಗೆ ಹೋಗಿ ನಾಲ್ಕನ್ನೂ ಹೊಸದು, ಗ್ಯಾಲ್ವನೈಸ್ ಮಾಡಿದ್ದು ತಂದೆ. ಇಷ್ಟು ವರ್ಷ ಆ ತುಕ್ಕು ಹಿಡಿದ ನಾಲ್ಕು ಕಡ್ಡಿಗಳ ಮೇಲೆ ಇದೆಲ್ಲ ನಿಂತಿತ್ತು ಅಂದರೆ! ಈ ಕೆಲಸಕ್ಕೆ ಬೋಟನ್ನು ಇಳಿಸಿ ಕೆರೆಯಲ್ಲಿ ಗೆಳೆಯನ ಡಾಕ್‌ಗೆ ಕಟ್ಟಿ ಬಂದಿದ್ದೆ. ಬೋಟು ಮೇಲಿದ್ದಾಗ ಯಾರೂ ಈ ನಟ್ ಮುಟ್ಟಬೇಡಿ.

ಆಕ್ಸಲನ್ನು ಹಿಂದಕ್ಕೆ ನಾಲ್ಕು ಇಂಚು. ಎರಡೂ ಕಡೆ ಒಂದೇ ಸಮ ಸರಿಯಬೇಕು. ಓರೆಯಾದರೆ ಟ್ರೇಲರ್ ನಾಯಿಯ ಹಾಗೆ ಅಡ್ಡಡ್ಡ ಓಡುತ್ತದೆ, ಟೈರು ತಿಂದುಹೋಗುತ್ತದೆ. ಟೇಪು ಉದ್ದಕ್ಕೆ ಹಿಡಿದರೆ ಮಧ್ಯದಲ್ಲಿ ಜೋಲುತ್ತಿತ್ತು. ಅದಕ್ಕೆ ಗಾಳದ ದಾರ ತಂದೆ. ಎಳೆದರೆ ಉದ್ದವಾಗದ ಹೆಣೆದ ದಾರ. ಕಪ್ಲರ್ ನಡುವಿಗೆ ಗಂಟು ಹಾಕಿ, ಎಡ ಚಕ್ರದ ಆಕ್ಸಲ್ ತುದಿಗೆ ಬಿಗಿಯಾಗಿ ಎಳೆದು ಪೆನ್ನಿನಿಂದ ಗುರುತು ಮಾಡಿದೆ. ಅದೇ ದಾರವನ್ನು ಬಲಕ್ಕೆ ತಂದರೆ ಗುರುತು ಕಾಲು ಇಂಚು ಹಿಂದೆ ನಿಂತಿತು. ರಬ್ಬರ್ ಸುತ್ತಿಗೆಯಿಂದ ಒಂದೇಟು. ಮತ್ತೆ ದಾರ. ಇನ್ನೊಂದೇಟು. ಐದನೇ ಸಲಕ್ಕೆ ಗುರುತು ಎರಡೂ ಕಡೆ ತುದಿಗೇ ಬಂತು. ಅಜ್ಜ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಆಮೇಲೆ ತಮ್ಮ ಟಾರ್ಕ್ ರೆಂಚ್ ತಂದು ಕೊಟ್ಟರು.

ಮಡ್‌ಗಾರ್ಡ್ ಬೇರೆ ಬೋಲ್ಟಿನಲ್ಲಿತ್ತು, ಅದಕ್ಕೆ ಹೊಸ ತೂತು ಕೊರೆಯಬೇಕಾಯಿತು. ಟೈರ್ ಗಾಳಿ ನೋಡಿದರೆ 32! ಪಕ್ಕದಲ್ಲಿ 50 ಅಂತ ಅಚ್ಚೊತ್ತಿದೆ. ಮೆತ್ತಗಿನ ಟೈರೂ ಓಲಾಟಕ್ಕೆ ಕಾರಣ. ಹಿಚ್ ಕಡ್ಡಿ ಮೂರು ಇಂಚು ಎತ್ತರವಾಗಿ, ಟ್ರೇಲರ್ ಮೂತಿ ಮೇಲೆತ್ತಿಕೊಂಡು ಹೋಗುತ್ತಿತ್ತು. ತಗ್ಗಿನ ಕಡ್ಡಿ ತಂದು ಹಾಕಿದೆ. ಬಾಲ್ 2 ಇಂಚಿನದು, ಕಪ್ಲರ್ ಮೇಲೂ 2 ಅಂತಲೇ ಇದೆ, ಸದ್ಯ ಅದೊಂದು ಸರಿಯಿತ್ತು.

ಸಂಜೆ ಬೋಟು ಹತ್ತಿಸಿ ತೂಗಿದೆ. 138. ಒಂಬತ್ತು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ. ಒಂದೇ ಕೈಯಲ್ಲಿ ಎತ್ತಲು ನೋಡಿದೆ, ಆಗಲಿಲ್ಲ. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ, "ಈಗ ಗಾಡಿ" ಅಂದರು.

ಜೂನ್ 7, ಶನಿವಾರ

ಬೆಳಿಗ್ಗೆ ಆರಕ್ಕೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಸುತ್ತು ಹೊಡೆದೆ. ಆಮೇಲೆ ಹಳ್ಳಿ ರಸ್ತೆಯಲ್ಲಿ 45, 55. ಸ್ಟೀರಿಂಗ್ ಸ್ವಲ್ಪವೇ ಅಲ್ಲಾಡಿಸಿದರೆ ಟ್ರೇಲರ್ ಒಂದು ಸಲ ತೂಗಿ ಸುಮ್ಮನಾಗುತ್ತದೆ. ಅದೇ ಬೇಕಿದ್ದು. 50 ಮೈಲಿ ಆದ ಮೇಲೆ ನಿಲ್ಲಿಸಿ ಯು-ಬೋಲ್ಟ್, ಚಕ್ರದ ನಟ್ ಮತ್ತೆ ಬಿಗಿ ನೋಡಿದೆ. ಒಂದು ಯು-ಬೋಲ್ಟ್ ಕಾಲು ಸುತ್ತು ತಗೊಂಡಿತು. ನೋಡದೆ ಹೋಗಿದ್ದರೆ ಅಲ್ವಾ?

ಮಧ್ಯಾಹ್ನ 169ರಲ್ಲಿ ಅದೇ ಇಳಿಜಾರು, 60 ಮೈಲಿ. ಟ್ರಕ್ ಬರಲಿ ಅಂತ ಕಾದೇ ಓಡಿಸಿದೆ. ಬಂತು, ದಾಟಿತು, ಕಾರಿಗೆ ಒಂದು ತಳ್ಳು ಬಿತ್ತು. ಕನ್ನಡಿಯಲ್ಲಿ ಮೋಟರ್ ಕಾಣಲಿಲ್ಲ. ಮಗಳು ಹಿಂದಿನಿಂದ, "ಅಪ್ಪಾ, ಇವತ್ತು ಆಟ ಇಲ್ವಾ?" ಅಂದಳು.

ಮುಂದಿನ ವಾರ ಚಕ್ರದ ಬೇರಿಂಗ್ ಬಿಚ್ಚಿ ಗ್ರೀಸ್ ಹಾಕಬೇಕು. ವಿಂಚ್ ಕಂಬಕ್ಕೆ ಬಿಳಿ ಟೇಪ್ ಅಂಟಿಸಿ 138 ಅಂತ ಬರೆದಿದ್ದೇನೆ. ಅದರ ಕೆಳಗೆ ಹೆಂಡತಿಯ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿದೆ: ಐಸ್ ಪೆಟ್ಟಿಗೆ ಮುಂದೆ, ಮೀನು ಕವರ್ ಒಳಗೆ.