ಓದದ ಕಾಗದಕ್ಕೆ ಸಹಿ ಹಾಕದ ಮಾವ

ಪರೇಲಿನ ಹಳೆಯ ಚಾಳೊಂದರ ಎರಡನೆಯ ಮಾಳಿಗೆಯಲ್ಲಿ ನನ್ನ ಸೋದರಮಾವನ ಖೋಲಿ ಇದೆ. ಪಾಗಡಿ, ಅಂದರೆ ಬಾಡಿಗೆಯ ಹಕ್ಕಿಗಾಗಿ ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಹಿಡಿದ ಜಾಗ. ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. 1969ರ ಸೆಪ್ಟೆಂಬರ್ 30ಕ್ಕಿಂತ ಮೊದಲೇ ಕಟ್ಟಿದ್ದರಿಂದ ಅದು ‘ಸೆಸ್’ ಕಟ್ಟಡ, ಅಂದರೆ ದುರಸ್ತಿಗೆಂದು ಸೆಸ್ ಎಂಬ ಕರ ತೆರುವ ಕಟ್ಟಡ. ದ್ವೀಪನಗರವೆನ್ನುವ ಹಳೆಯ ಮುಂಬಯಿಯಲ್ಲಿ ಇಂಥ ಕಟ್ಟಡಗಳ ದುರಸ್ತಿ ಮತ್ತು ಪುನರ್ನಿರ್ಮಾಣದ ಹೊಣೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಮಂಡಳಿಯೊಂದಕ್ಕೆ ಸೇರಿದ್ದು. ಬಾಡಿಗೆದಾರರಲ್ಲಿ ಶೇಕಡಾ 51ರಷ್ಟು ಮಂದಿ ಒಪ್ಪಿದರೆ ಮಾಲಕರು ಬಿಲ್ಡರನೊಡನೆ ಸೇರಿ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಬಹುದು. ಹೊಸ ಕಟ್ಟಡದಲ್ಲಿ ಅರ್ಹ ಬಾಡಿಗೆದಾರನಿಗೆ ಕನಿಷ್ಠ 300 ಚದರ ಅಡಿಯ ಸ್ವಂತ ಮನೆ ಸಿಗಬೇಕು. ಜೀವಮಾನವಿಡೀ ಸಾರ್ವಜನಿಕ ನಲ್ಲಿ, ಸಾರ್ವಜನಿಕ ಶೌಚಾಲಯವೆಂದು ಬದುಕಿದವರಿಗೆ ಇದು ಸಣ್ಣ ಮಾತಲ್ಲ. ಹೀಗಾಗಿ, ತಮ್ಮ ಚಾಳನ್ನು ಹೊಸದಾಗಿ ಕಟ್ಟುವ ಬಿಲ್ಡರನೊಡನೆ ಮಾಡಿಕೊಳ್ಳುವ ಕರಾರುಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ಮಾವ ಹೇಳಿದಾಗ ಚಾಳಿನ ಜನ ಅವರನ್ನು ಹಠಮಾರಿ ಎಂದು ಕರೆದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆದರೆ ಆ ಮಾತು ಅವರಿಗೆ ಸಲ್ಲುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಕಾರಣವಾದ ಒಂದು ಆದಿತ್ಯವಾರದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾವ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸಕ್ಕೆ ನಿಂತವರು. ಕರಾವಳಿಯ ಎಷ್ಟೋ ಹೋಟೆಲ್ ಹುಡುಗರಂತೆ ಅವರೂ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ, ಹಗಲಿನ ದುಡಿಮೆ ಮುಗಿದ ಮೇಲೆ ತೂಕಡಿಸುತ್ತಲೇ ಅಕ್ಷರ ಕಲಿತರು. ಕನ್ನಡವನ್ನೂ ಮರಾಠಿಯನ್ನೂ ಸಲೀಸಾಗಿ ಓದುತ್ತಾರೆ. ಇಂಗ್ಲಿಷಿನ ಕಾನೂನು ಭಾಷೆ ಮಾತ್ರ ಅವರಿಗೆ ದೂರ. ಕರಾರುಪತ್ರವಾದರೋ ಪೂರ್ತಿ ಇಂಗ್ಲಿಷಿನಲ್ಲಿತ್ತು, ಪುಟ ಪುಟಕ್ಕೂ ಸಹಿ ಬೇಕಿತ್ತು. “ಓದದ ಕಾಗದಕ್ಕೆ ನಾನು ಸಹಿ ಹಾಕುವವನಲ್ಲ. ಮರಾಠಿಯಲ್ಲಿ ಕೊಡಿ, ಇಲ್ಲದಿದ್ದರೆ ನನ್ನ ಅಳಿಯ ಬಂದು ಓದಿ ಹೇಳುವವರೆಗೆ ತಡೆಯಿರಿ” ಎಂದಷ್ಟೇ ಅವರು ಚಾಳಿನ ಬಾಡಿಗೆದಾರರ ಸಮಿತಿಯವರಿಗೆ ಹೇಳಿದ್ದು. ಇದಕ್ಕಿಂತ ಹೆಚ್ಚಿನದೇನನ್ನೂ ಅವರು ಕೇಳಿರಲಿಲ್ಲವೆಂಬುದನ್ನು ಗಮನಿಸಬೇಕು.

ಆ ಆದಿತ್ಯವಾರ ಬೆಳಿಗ್ಗೆ ನಾನು ಹೋದಾಗ ಅತ್ತೆ ನೀರುದೋಸೆಯ ತಟ್ಟೆಗಳನ್ನು ತೆಗೆದು ನೆಲ ಒರೆಸಿ ಚಾಪೆ ಹಾಸಿದ್ದರು. ಮಾವ ಬಾಡಿಗೆ ರಶೀದಿಗಳನ್ನು ಪೋಣಿಸಿಟ್ಟ ತಂತಿಯನ್ನು ಪಕ್ಕದಲ್ಲಿಟ್ಟುಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಕುಳಿತರು. ನಾನು ಒಂದೊಂದೇ ಕಲಮನ್ನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹೆಸರು, ಖೋಲಿಯ ನಂಬರು, ಬಾಡಿಗೆ ಪ್ರಾರಂಭವಾದ ವರ್ಷ ಎಲ್ಲವನ್ನೂ ಅವರು ರಶೀದಿಯೊಡನೆ ತಾಳೆ ನೋಡಿದರು. ಕಟ್ಟಡ ಏಳುವವರೆಗೆ ಬೇರೆಡೆ ಇರಲು ಬಿಲ್ಡರ್ ಕೊಡುವ ಬಾಡಿಗೆಯ ಕಲಮು ಬಂದಾಗ ಪೆನ್ಸಿಲ್ ನಿಂತಿತು. ಮನೆ ತಯಾರಾಗಿದೆಯೆಂದು ಬಿಲ್ಡರ್ ಪತ್ರ ಬರೆದ ದಿನದಿಂದ ಬಾಡಿಗೆ ನಿಲ್ಲುತ್ತದೆ ಎಂದು ಅಲ್ಲಿತ್ತು.

“ತಯಾರಾಯಿತು ಅಂತ ಹೇಳುವವರು ಯಾರು?”

“ಬಿಲ್ಡರೇ, ಮಾವ.”

“ಪಾಲಿಕೆಯವರಲ್ಲವಾ?”

ಆ ಪ್ರಶ್ನೆಯಲ್ಲಿ ಎಲ್ಲವೂ ಇತ್ತು. ಪಾಲಿಕೆ ವಾಸಯೋಗ್ಯವೆಂದು ಪ್ರಮಾಣಪತ್ರ ಕೊಡುವವರೆಗೆ, ಅಂದರೆ ಎಲ್ಲರೂ ‘ಒಸಿ’ ಎನ್ನುವ ಕಾಗದ ಕೈಗೆ ಬರುವವರೆಗೆ, ಆ ಕಟ್ಟಡದಲ್ಲಿ ವಾಸಿಸುವುದು ಕಾನೂನುಬದ್ಧವಲ್ಲ. ಒಸಿ ಇಲ್ಲದೆ ಒಳಹೊಕ್ಕು ನೀರಿಗೆ ಹೆಚ್ಚಿನ ದರ ತೆರುತ್ತಿರುವ ಕುಟುಂಬಗಳು ಈ ನಗರದಲ್ಲಿ ಬಹಳ ಇವೆ. ಬಾಡಿಗೆ ನಿಂತುಹೋದರೆ ಬಡವನಿಗೆ ಹಾಗೆ ಒಳಹೊಗದೆ ಬೇರೆ ದಾರಿಯೂ ಇರುವುದಿಲ್ಲ. ಮಾವ ಆ ಸಾಲಿನ ಕೆಳಗೆ ಗೆರೆ ಎಳೆದರು.

ಸಂಜೆ ಚಾಳಿನ ಅಂಗಳದಲ್ಲಿ ಸಭೆ ಸೇರಿತು. ಒಸಿ ಬಂದ ಮೇಲಷ್ಟೇ ಬಾಡಿಗೆ ನಿಲ್ಲಬೇಕೆಂದು ಮಾವ ಎದ್ದು ನಿಂತು ಮರಾಠಿಯಲ್ಲಿ ಹೇಳಿದರು. ಅಲ್ಲಿಯವರೆಗೆ ಅವರ ಮೇಲೆ ಸಿಡಿಮಿಡಿಗೊಂಡಿದ್ದವರೇ ತಮ್ಮ ಪ್ರತಿಗಳನ್ನು ತೆರೆದು ನೋಡತೊಡಗಿದರು. ವಾದ ಸಾಕಷ್ಟಾಯಿತು, ಕೊನೆಗೆ ಎಲ್ಲರ ಕರಾರಿನಲ್ಲೂ ಆ ಸಾಲನ್ನು ತಿದ್ದಲು ಬಿಲ್ಡರ್ ಕಡೆಯವರು ಒಪ್ಪಿದರು. ಇದೇ ಸಮಯವೆಂದು ಒಬ್ಬಿಬ್ಬರು ಮಾವನ ಕಿವಿಯಲ್ಲಿ, ನೀವು ಗಟ್ಟಿಯಾಗಿ ನಿಂತರೆ ಇನ್ನೊಂದಿಪ್ಪತ್ತು ಅಡಿ ಜಾಗವೂ ಸಿಕ್ಕೀತು ಎಂದು ಹುರಿದುಂಬಿಸಿದರು. “ನಾನು ಕೇಳಿದ್ದು ಅದಲ್ಲ” ಎಂದರು ಮಾವ. ತಿದ್ದಿದ ಪ್ರತಿ ಬಂದಾಗ ಅದನ್ನು ಮತ್ತೊಮ್ಮೆ ಓದಿಸಿಕೊಂಡು, ಪ್ರತಿ ಪುಟದಲ್ಲೂ ಕನ್ನಡದಲ್ಲಿ ಪೂರ್ತಿ ಹೆಸರು ಬರೆದರು.

ಒಂದು ವೇಳೆ ಆ ಕಲಮು ಸರಿಯಾಗಿಯೇ ಇದ್ದು, ನಮ್ಮ ಓದಿನಿಂದ ಏನೂ ಹೊರಬೀಳದೆ ಹೋಗಿದ್ದರೂ ನನ್ನ ಅಭಿಪ್ರಾಯ ಇದೇ ಆಗಿರುತ್ತಿತ್ತು. ತನ್ನ ಹೆಸರಿಗೆ ತಾನೇ ಜವಾಬ್ದಾರನೆಂಬ ಸ್ವಾಭಿಮಾನ ಅವರದು. ಅವರು ಸಹಿ ಹಾಕದಿರುವುದಕ್ಕೆ ಒಂದೇ ಕಾರಣವಿತ್ತು, ಆ ಕಾರಣವನ್ನು ಅವರು ಮೊದಲ ದಿನವೇ ಎಲ್ಲರ ಮುಂದೆ ಹೇಳಿದ್ದರು, ಅದು ಈಡೇರಿದ ಕೂಡಲೇ ಅವರ ‘ಇಲ್ಲ’ ಎಂಬ ಮಾತು ಮುಗಿದಿತ್ತು.

ಅದೇ ಮಾಳಿಗೆಯ ಕೊನೆಯ ಖೋಲಿಯಲ್ಲಿರುವ, ನಮ್ಮ ಭಾಷೆಯವರೇ ಆದ ಹಿರಿಯರೊಬ್ಬರು ಇನ್ನೂ ಸಹಿ ಹಾಕಿಲ್ಲ. ಮೊದಲು ಜಾಗ ಸಾಲದು ಎಂದರು. ನಕ್ಷೆ ಬದಲಾದ ಮೇಲೆ, ಅಷ್ಟು ಎತ್ತರದ ಮಹಡಿ ಬೇಡ ಎಂದರು. ಕೆಳಗಿನ ಮಹಡಿ ಗೊತ್ತಾದ ಮೇಲೆ ವಾಸ್ತು ಬಂತು, ವಾಸ್ತು ಆದ ಮೇಲೆ ಬಿಲ್ಡರನ ಮೇಲೆಯೇ ನಂಬಿಕೆಯಿಲ್ಲವೆಂಬ ಮಾತು ಬಂತು. ಒಂದೊಂದು ಬೇಡಿಕೆ ಈಡೇರಿದಾಗಲೂ ಅವರ ಮುಖದಲ್ಲಿ ಸಮಾಧಾನಕ್ಕೆ ಬದಲಾಗಿ ಸಿಟ್ಟು ಹೆಚ್ಚುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರಣಗಳು ಬದಲಾಗುತ್ತಾ ಹೋಗಿ ನಿರ್ಧಾರವೊಂದೇ ಉಳಿದರೆ ಅದನ್ನು ಹಠವೆನ್ನದೆ ಬೇರೇನೆನ್ನಲಿ? ಬಹುಮತ ಕೂಡಿಬಂದು ಯೋಜನೆಗೆ ಮಂಜೂರಾತಿ ದೊರೆತ ಮೇಲೆ, ಒಪ್ಪದವರನ್ನು ತೆರವುಗೊಳಿಸಲು ಮ್ಹಾಡಾ ಕಾಯಿದೆಯ 95ಎ ಕಲಮಿನಲ್ಲಿ ಅವಕಾಶವಿದೆ. ಈ ವಯಸ್ಸಿನಲ್ಲಿ ಅವರಿಗೆ ಅಂಥ ನೋಟೀಸು ಬರುವುದನ್ನು ಯಾರೂ ಬಯಸುವುದಿಲ್ಲ.

ಇದನ್ನೆಲ್ಲ ಮಾವನ ಹತ್ತಿರ ಹೇಳಿದಾಗ ಅವರು ಪೂರ್ತಿ ಒಪ್ಪಲಿಲ್ಲ. ಆ ಹಿರಿಯರು ಮೊದಲು ಸಮಿತಿಯಲ್ಲಿದ್ದರು. ಬಿಲ್ಡರನನ್ನು ಆರಿಸುವ ಹೊತ್ತಿಗೆ ಒಂದು ಮಾತೂ ಹೇಳದೆ ಅವರನ್ನು ಕೈಬಿಡಲಾಗಿತ್ತು. “ಅವರಿಗೆ ನೋವಾದದ್ದು ಅಲ್ಲಿ. ಅದನ್ನು ಬಾಯಿಬಿಟ್ಟು ಹೇಳಲಿಕ್ಕೆ ಅವರಿಗಾಗುದಿಲ್ಲ, ಸಮಿತಿಯವರಿಗೆ ಕೇಳಲಿಕ್ಕೂ ಪುರುಸೊತ್ತಿಲ್ಲ” ಎಂದರು. ಅವರ ನೋವು ನಿಜವೆಂದೇ ನಾನೂ ತಿಳಿಯುತ್ತೇನೆ. ಆದರೆ ಆ ನೋವನ್ನು ಅವರು ವಾಸ್ತುವಿನ ಹೆಸರಿನಲ್ಲಿ ಮುಚ್ಚಿಟ್ಟಿರುವವರೆಗೆ ಅದಕ್ಕೆ ಪರಿಹಾರ ಕೊಡಬಲ್ಲವರು ಯಾರೂ ಇಲ್ಲ. ಅಷ್ಟರಲ್ಲಿ ಕೆಲಸ ತಡವಾಗಿ ಕೆಳಗಿನ ಮಾಳಿಗೆಯ ವಿಧವೆಯೊಬ್ಬರು ಸೋರುವ ಸೂರಿನಡಿಯಲ್ಲಿ ಮತ್ತೊಂದು ಮಳೆಗಾಲ ಕಳೆಯಬೇಕಾಗಿದೆ. ಇದನ್ನು ಮಾವನಿಗೆ ಹೇಳಿದೆ. ಅವರು ಅಲ್ಲಗಳೆಯಲಿಲ್ಲ. ಸಮಿತಿಯ ಕಾರ್ಯದರ್ಶಿಯನ್ನು ಜೊತೆಗೆ ಕರೆದುಕೊಂಡು ಆ ಖೋಲಿಗೆ ಹೋಗುವುದಾಗಿಯೂ, ಕರಾರಿನ ಸುದ್ದಿ ಎತ್ತುವ ಮೊದಲು ಅಂದು ಕೈಬಿಟ್ಟದ್ದಕ್ಕೆ ಕಾರ್ಯದರ್ಶಿಯ ಬಾಯಿಂದಲೇ ಕ್ಷಮೆ ಕೇಳಿಸುವುದಾಗಿಯೂ ಹೇಳಿದರು. ಕಾರ್ಯದರ್ಶಿ ಇನ್ನೂ ಒಪ್ಪಿಲ್ಲ.