ಮೋಟರ್ ಕೆಲಸದಲ್ಲಿ ಪಳಗೋಕೆ ಎಷ್ಟು ವರ್ಷ ಬೇಕು?

ಕೋಲಾರದಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಐಟಿಐ ಮುಗಿಸಿದ ಹುಡುಗರು ಕೇಳುತ್ತಾರೆ, ಅವರ ಅಪ್ಪಂದಿರು ಕೇಳುತ್ತಾರೆ. ಮೋಟರ್ ತಂದ ರೈತರೂ ಬೆಂಚಿನ ಮೇಲೆ ಕೂತು ಸುಮ್ನೆ ಕೇಳುತ್ತಾರೆ: "ಅಣ್ಣ, ಈ ಕೆಲಸ ಪೂರ್ತಿ ಬರೋಕೆ ಎಷ್ಟು ವರ್ಷ ಹಿಡಿಯುತ್ತೆ?"

ಕಾಯಿಲ್ ಕಟ್ಟೋದೇ, ಅಂದರೆ ಮೋಟರ್ ಒಳಗಿನ ವೈರ್ ಸುತ್ತೋದೇ ಕೆಲಸ ಅಂದುಕೊಂಡರೆ ಉತ್ತರ ಸುಲಭ. ಕೈ ಚುರುಕಾಗಿರುವ ಹುಡುಗ ವರ್ಷ ತುಂಬುವುದರೊಳಗೆ ಕಲಿಯುತ್ತಾನೆ. ಹಳೆ ವೈರ್ ಬಿಚ್ಚುವಾಗ ಸುತ್ತು ಎಣಿಸಬೇಕು, ಗೇಜ್ ಅಂದರೆ ವೈರಿನ ದಪ್ಪ ನೋಡಿಕೊಳ್ಳಬೇಕು, ವೈರ್ ಕೂರುವ ಸಂದುಗಳಲ್ಲಿ ಯಾವ ಸ್ಲಾಟ್‌ನಿಂದ ಯಾವ ಸ್ಲಾಟ್‌ಗೆ ಹೋಗಿದೆ ಅಂತ ಬರೆದುಕೊಂಡು ಹಾಗೇ ತುಂಬಬೇಕು. ನಮ್ಮಲ್ಲಿಗೆ ಜಾಸ್ತಿ ಬರುವುದು ಒಳಗೆ ನೀರು ತುಂಬಿರುವ ಮೋಟರ್‌ಗಳು. ವೈರಿನ ಪ್ಲಾಸ್ಟಿಕ್ ಮೇಲೆ ಒಂದು ಗೀರು ಬಿದ್ದರೂ ಕೆಲಸ ಕೆಟ್ಟಂತೆ. ಅದೂ ಕೈಗೆ ರೂಢಿಯಾಗುತ್ತದೆ. ಕೊನೆಗೆ ನೀರಲ್ಲಿ ಮುಳುಗಿಸಿ ಮೆಗ್ಗರ್ ಅನ್ನೋ ಮೀಟರ್ ಇಟ್ಟು ನೋಡಿದರೆ ಕರೆಂಟ್ ಸೋರದಂತೆ ತಡೆಯುವ ಇನ್ಸುಲೇಷನ್ ಹೇಗಿದೆ ಅಂತ ಅಲ್ಲೇ ತಿಳಿಯುತ್ತದೆ.

ಇಷ್ಟು ಬಂದವನನ್ನು ನಾನು ಎಕ್ಸ್‌ಪರ್ಟ್ ಅನ್ನಲ್ಲ. ಮೋಟರ್ ಯಾಕೆ ಸುಟ್ಟಿತು ಅಂತ ಹೇಳಬಲ್ಲವನು ಎಕ್ಸ್‌ಪರ್ಟ್. ಕಾರಣ ಲೈನಿನಲ್ಲೋ ಬೋರಿನಲ್ಲೋ ಹಾಗೇ ಉಳಿದಿದ್ದರೆ ಎಷ್ಟು ಚೆಂದ ಕಟ್ಟಿದರೂ ಮತ್ತೆ ಸುಡುತ್ತದೆ, ಅಲ್ವಾ?

ಸುಟ್ಟ ಮೋಟರ್ ಬಹಳಷ್ಟು ಹೇಳುತ್ತದೆ. ಮೂರು ಫೇಸಿನ (ಕರೆಂಟಿನ ಮೂರು ಲೈನಿನ) ಕಾಯಿಲ್ ಜೋಡಿಸುವ ರೀತಿ ಎರಡು: ಸ್ಟಾರ್, ಡೆಲ್ಟಾ. ಸ್ಟಾರ್ ಕನೆಕ್ಷನ್‌ನಲ್ಲಿ ಎರಡು ಫೇಸಿನ ಕಾಯಿಲ್ ಕರಗಿ ಅಂಟಿಕೊಂಡು, ಮೂರನೆಯದು ಹೊಸದರಂತೆ ಉಳಿದಿದ್ದರೆ ಒಂದು ಫೇಸ್ ಕಟ್ಟಾಗಿ ಓಡಿದೆ ಅಂತ ಲೆಕ್ಕ. ಡೆಲ್ಟಾ ಆದರೆ ಉಲ್ಟಾ: ಒಂದು ಸುಟ್ಟು ಎರಡು ಉಳಿಯುತ್ತವೆ. ಮೂರೂ ಒಂದೇ ಸಮ ಬೆಂದಿದ್ದರೆ ಲೋಡ್ ಜಾಸ್ತಿಯಾಗಿರಬೇಕು, ಇಲ್ಲಾ ವೋಲ್ಟೇಜ್ ಕಡಿಮೆ ಇರಬೇಕು. ತ್ರೀ ಫೇಸ್ ಬಂದ ಕೂಡಲೇ ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದು ಕೂತರೆ ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ? ವೋಲ್ಟೇಜ್ ಬಿದ್ದರೆ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಆ ಕರೆಂಟ್ 10% ಏರಿದರೆ ಕಾಯಿಲಿನಲ್ಲಿ ಹುಟ್ಟುವ ಬಿಸಿ ಏರುವುದು 21%. ಇನ್ನು ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಕರಗಿದ್ದರೆ ನೀರಿಲ್ಲದೆ ಓಡಿದೆ ಅಂತ ಅನುಮಾನ. "ನೀರು ಫುಲ್ ಇದೆ ಸ್ವಾಮಿ" ಅಂತ ರೈತರು ಎಷ್ಟೇ ಹೇಳಲಿ, ನಾನು ಇಂಪೆಲ್ಲರ್ ಮಾತನ್ನೇ ನಂಬುತ್ತೇನೆ.

ಕೆಲವು ಸಲ ಮೋಟರ್‌ನಲ್ಲಿ ಏನೂ ಸಿಗುವುದಿಲ್ಲ. ಶ್ರೀನಿವಾಸಪುರದ ಕಡೆಯ ಮಾವಿನ ತೋಟದ್ದೊಂದು ಮೇಲಿಂದ ಮೇಲೆ ಸುಡುತ್ತಿತ್ತು. ಅಂಗಡಿ ಬದಲಾಯಿಸಿ ಕಟ್ಟಿಸಿದರೂ ಅದೇ ಕಥೆ. ವೋಲ್ಟೇಜ್ ಸರಿ, ಸ್ಟಾರ್ಟರ್ ಸರಿ, ನೀರಿಗೂ ಕೊರತೆಯಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಮೋಟರ್ ಮುಟ್ಟಲೇ ಇಲ್ಲ.

"ಯಜಮಾನ್ರೇ, ಬೋರ್ ಹಾಕಿಸಿದಾಗ ನೀರು ಎಷ್ಟು ಅಡಿಗೆ ಸಿಕ್ತು?"

"900ಕ್ಕೆ."

"ಮೋಟರ್ ಎಷ್ಟಕ್ಕೆ ಬಿಟ್ಟಿದ್ದೀರಿ?"

"1,100ಕ್ಕೆ. ಕೆಳಗಿದ್ದಷ್ಟೂ ಒಳ್ಳೇದಲ್ವಾ?"

ಅಲ್ಲ. ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಬರುವುದು ಬಂಡೆಯ ಬಿರುಕಿನಿಂದ. ಬೋರಿನೊಳಗೆ ಪಂಪ್ ಮೇಲಿರುತ್ತದೆ, ಮೋಟರ್ ಕೆಳಗೆ, ನೀರು ಎಳೆಯುವ ಬಾಯಿ ಎರಡರ ನಡುವೆ. ಬಿರುಕು ಕೆಳಗಿದ್ದರೆ ನೀರು ಮೋಟರ್ ಮೈ ಸವರಿಕೊಂಡು ಮೇಲೇರುತ್ತದೆ, ಮೋಟರ್ ತಣ್ಣಗಿರುತ್ತದೆ. ಬಿರುಕು ಮೇಲಿದ್ದರೆ ನೀರು ಮೇಲಿನಿಂದಲೇ ಬಂದು ನೇರ ಬಾಯಿಗೆ ಹೋಗುತ್ತದೆ. ಮೋಟರ್ ಸುತ್ತ ಇರುವ ನೀರು ನಿಂತಲ್ಲೇ ಕಾಯುತ್ತದೆ. ಅವರ ಬೋರಿನಲ್ಲಿ ಪಂಪ್ ಓಡುವಾಗಲೂ ನೀರು 800 ಅಡಿ ಹತ್ತಿರವೇ ನಿಲ್ಲುತ್ತಿತ್ತು, ಹಾಗಾಗಿ ಮೇಲೆತ್ತಿದರೂ ಮೋಟರ್ ನೀರಿನಲ್ಲೇ ಇರುತ್ತದೆ. ಪೈಪ್ ಕಮ್ಮಿ ಮಾಡಿ ಮೋಟರನ್ನು 880ಕ್ಕೆ ಬಿಡಿಸಿದರು. ಆಮೇಲೆ ಆ ಮೋಟರ್ ಅಂಗಡಿಗೆ ಬಂದಿಲ್ಲ.

ಈಗಿನ ಹುಡುಗರು ಮೊಬೈಲ್ ನೋಡಿ "10,000 ಗಂಟೆ ಮಾಡಿದರೆ ಎಕ್ಸ್‌ಪರ್ಟ್ ಆಗ್ತೀವಂತೆ" ಅನ್ನುತ್ತಾರೆ. ಆ ಲೆಕ್ಕದ ಮೂಲ 1993ರಲ್ಲಿ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಸಂಶೋಧನೆ. ಬರ್ಲಿನ್‌ನಲ್ಲಿ ಪಿಟೀಲು ಕಲಿಯುವವರ ಪೈಕಿ ಮೇಲ್ಮಟ್ಟದವರು 20ನೇ ವಯಸ್ಸಿಗೆ ಸರಾಸರಿ ಅಷ್ಟು ಹೊತ್ತು ಅಭ್ಯಾಸ ಮಾಡಿದ್ದರು. ಅದು ಸರಾಸರಿ, ಗಡಿ ಅಲ್ಲ. ಎರಿಕ್ಸನ್ ಒತ್ತಿ ಹೇಳಿದ್ದು ಗಂಟೆಗಿಂತ ಜಾಸ್ತಿ ಅಭ್ಯಾಸದ ರೀತಿಯನ್ನು: ತಪ್ಪು ತಿಳಿಯಬೇಕು, ತಿದ್ದಿಕೊಳ್ಳಬೇಕು. ಪಿಟೀಲಿನಲ್ಲಿ ಅಪಸ್ವರ ಬಂದರೆ ಆಗಲೇ ಕಿವಿಗೆ ಬೀಳುತ್ತದೆ. ನಾವು ಕಟ್ಟಿದ ಮೋಟರ್ ಸಾವಿರ ಅಡಿ ಕೆಳಗೆ ಹೋಗಿ ಕೂರುತ್ತದೆ. ಸುಟ್ಟರೆ ರೈತರು ಬೇಜಾರಾಗಿ ಬೇರೆ ಅಂಗಡಿಗೆ ಹೋಗುತ್ತಾರೆ, ನಮಗೆ ಸುದ್ದಿಯೇ ಬರಲ್ಲ. ಹಾಗೆ ವರ್ಷಗಟ್ಟಲೆ ಕಾಯಿಲ್ ಕಟ್ಟುತ್ತಲೇ ಇದ್ದು ಅಲ್ಲೇ ನಿಂತವರು ನಮ್ಮ ಲೈನಿನಲ್ಲಿ ಬೇಕಾದಷ್ಟು ಇದ್ದಾರೆ.

ಅದಕ್ಕೇ ನನ್ನ ಅಂಗಡಿಗೆ ಬರುವ ಹುಡುಗರಿಗೆ ಮೊದಲು ಕಟ್ಟೋಕೆ ಕೊಡಲ್ಲ, ಬಿಚ್ಚೋಕೆ ಕೊಡುತ್ತೇನೆ. ಬಿಚ್ಚಿದ ಮೇಲೆ ಯಾವ ಕಾಯಿಲ್ ಹೋಗಿದೆ, ಬೇರಿಂಗ್ ಹೇಗಿದೆ, ಕಾರಣ ಏನಿರಬಹುದು ಅಂತ ನೋಟ್‌ಬುಕ್‌ನಲ್ಲಿ ಬರೆಯಬೇಕು. ಮೋಟರ್ ಇಳಿಸಿದ ಮೇಲೆ ರೈತರಿಗೆ ಫೋನ್ ಮಾಡಿ ಆಂಪ್ಸ್ ಎಷ್ಟು ತೋರಿಸ್ತಿದೆ ಅಂತ ಕೇಳಿ ಅದನ್ನೂ ಬರೆಯಬೇಕು. ಇದು ಬೇಜಾರಿನ ಕೆಲಸ. ಕೆಲವರು ತಿಂಗಳೊಳಗೆ ಬಿಟ್ಟು ಹೋಗುತ್ತಾರೆ.

ವರ್ಷದ ಲೆಕ್ಕವೇ ಬೇಕು ಅಂದರೆ, ಹೀಗೆ ಬರೆಯುತ್ತಾ ಹೋದವನು ನಾಲ್ಕೈದು ವರ್ಷಕ್ಕೆ ನನ್ನನ್ನು ಕೇಳದೆ ಕಾರಣ ಹೇಳುತ್ತಾನೆ. ಅದೂ ಬೋರ್‌ವೆಲ್ ಮೋಟರ್‌ಗೆ ಮಾತ್ರ. ಸೋಲಾರ್ ಪಂಪಿನ ಡ್ರೈವ್ (ಪಂಪ್ ಓಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೆಟ್ಟಿದೆ ಅಂತ ಯಾರಾದರೂ ತಂದರೆ ನಾನು ಮುಚ್ಚಳ ಕೂಡ ತೆಗೆಯಲ್ಲ. ಅದನ್ನು ಕಲಿತ ಹುಡುಗ ಬಂಗಾರಪೇಟೆಯಲ್ಲಿದ್ದಾನೆ, ಅವನ ಹತ್ತಿರ ಕಳಿಸುತ್ತೇನೆ.